ಚೂರು ಹುಡುಕುವವರು

೧

ಎಲ್ಲಿಂದ ಶುರು ಮಾಡಲಿ ಎಂದು ಅಣ್ಣನನ್ನೇ ಕೇಳಿದೆ. ಕುಡಿದವನು ಅವನು, ಬಿಟ್ಟವನೂ ಅವನೇ. ನನ್ನದೇನಿದ್ದರೂ ಬರೆಯುವ ಚಪಲ.

“ಕಾಲಿಂದ ಶುರು ಮಾಡು,” ಅಂದ.

“ಕುಡಿತದ ಕಥೇನ ಯಾರಾದರೂ ಕಾಲಿಂದ ಶುರು ಮಾಡ್ತಾರಾ ಅಣ್ಣ? ಬಾಟಲಿಯಿಂದ ಶುರು ಮಾಡಬೇಕು. ಇಲ್ಲಾಂದ್ರೆ ಲಿವರ್‌ನಿಂದ.”

“ಎಲ್ಲಾ ಗೊತ್ತಿದ್ದ ಮೇಲೆ ನನ್ನನ್ಯಾಕೆ ಕೇಳ್ತೀಯ, ಮಾತಿನಮಲ್ಲಿ?” ಎಂದು ಅವನು ಗಾಜು ಕತ್ತರಿಸುವ ಮೇಜಿನತ್ತ ಹೋದ. ಮಾತಿನಮಲ್ಲಿ ಅನ್ನುವುದು ಚಿಕ್ಕಂದಿನಲ್ಲಿ ಅವನು ನನಗಿಟ್ಟ ಹೆಸರು. ನನ್ನ ಕಥೆಗಳು ಅಚ್ಚಾದ ಮೇಲೂ ಬದಲಾಗಿಲ್ಲ.

ಓದುಗರೇ, ನಿಮ್ಮನ್ನು ಸತಾಯಿಸುವುದಿಲ್ಲ. ಮೊದಲೇ ಎಲ್ಲ ಹೇಳಿಬಿಡುತ್ತೇನೆ. ನನ್ನಣ್ಣನದು ಗಾಜಿನ ಅಂಗಡಿ. ಕಿಟಕಿಗೆ, ಬೀರುವಿಗೆ, ಫೋಟೋಗಳಿಗೆ ಗಾಜು ಕತ್ತರಿಸಿ ಕೊಡುತ್ತಾನೆ, ಕನ್ನಡಿ ಕೂರಿಸುತ್ತಾನೆ. ಅತ್ತಿಗೆ ಫ್ರೇಮ್ ಹಾಕುತ್ತಾರೆ. ಅಣ್ಣ ವರ್ಷಗಟ್ಟಲೆ ಕುಡಿದ. ಈಗ ಕುಡಿಯುತ್ತಿಲ್ಲ. ಆದರೆ ಆ ಕುಡಿತ ಅವನ ಅಂಗಾಲಿನ ಸ್ಪರ್ಶವನ್ನು ತೆಗೆದುಕೊಂಡು ಹೋಗಿದೆ. ಅದು ವಾಪಸ್ ಬರುತ್ತದೋ ಇಲ್ಲವೋ ಎಂಬುದಷ್ಟೇ ಈ ಕಥೆಯ ಪ್ರಶ್ನೆ.

(ಸಸ್ಪೆನ್ಸ್ ಹಾಳಾಯಿತು ಎನ್ನಬೇಡಿ. ಉತ್ತರ ನನಗೂ ಗೊತ್ತಿಲ್ಲ. ಇನ್ನೊಂದು ಮಾತು: ನಾನು ಕೂತು ಬರೆಯುವುದು ಇದೇ ಅಂಗಡಿಯ ಕೌಂಟರಿನ ಹಿಂದೆ. ಸುತ್ತ ಎತ್ತ ನೋಡಿದರೂ ಕನ್ನಡಿ. ಇಂಥ ಜಾಗದಲ್ಲಿ ಕಥೆಗಾರರಿಗೆ ಕನ್ನಡಿಯ ರೂಪಕ ಪುಕ್ಕಟೆ ಸಿಗುತ್ತದೆ. ಒಂದನ್ನೂ ಬಳಸುವುದಿಲ್ಲ ಎಂದು ಶಪಥ ಮಾಡಿದ್ದೇನೆ.)

೨

ನನ್ನ ಮೊದಲ ಡ್ರಾಫ್ಟ್ ಹೀಗಿತ್ತು:

ಬೀದಿದೀಪದ ಕೆಳಗೆ ಅವನು ತೂರಾಡುತ್ತ ನಿಂತಿದ್ದ. ಅಂಗಿಯ ಗುಂಡಿ ಕಿತ್ತುಹೋಗಿತ್ತು. ಕೈಯಲ್ಲಿ ಖಾಲಿ ಬಾಟಲಿ. ದೂರದಲ್ಲೆಲ್ಲೋ ನಾಯಿಯೊಂದು ಊಳಿಡುತ್ತಿತ್ತು.

ಅಣ್ಣ ಓದಿ ಕನ್ನಡಕ ತೆಗೆದ.

“ನಾಯಿ ಯಾಕೆ?”

“ವಾತಾವರಣಕ್ಕೆ.”

“ನಾನು ಬೀದೀಲಿ ತೂರಾಡಿದ್ದನ್ನ ನೀನು ಯಾವತ್ತಾದ್ರೂ ನೋಡಿದ್ದೀಯಾ? ಇಸ್ತ್ರಿ ಇಲ್ಲದ ಅಂಗಿ ಹಾಕ್ಕೊಂಡು ಈ ಅಂಗಡಿ ಬಾಗಿಲು ತೆಗೆದವನಲ್ಲ ನಾನು. ಇದು ಬೇರೆ ಯಾರೋ. ಪಾಪ, ಅವನಿಗೆ ಗುಂಡಿ ಹೊಲಿದುಕೊಡು.”

ಅವನ ಮಾತು ನಿಜ. ನನ್ನಣ್ಣ ಬೀದಿಯಲ್ಲಿ ಬಿದ್ದವನಲ್ಲ, ಕೈಯೆತ್ತಿದವನಲ್ಲ, ದನಿ ಏರಿಸಿದವನೂ ಅಲ್ಲ. ಟೀ ಕಪ್ಪಿನಲ್ಲಿ ಕುಡಿಯುತ್ತಿದ್ದ, ಸಾಸರ್ ಸಮೇತ. ಬೆಳಿಗ್ಗೆ ಎದ್ದಾಗ ಕೈ ಎಷ್ಟು ನಡುಗುತ್ತಿತ್ತೆಂದರೆ ಹಲ್ಲುಜ್ಜುವ ಬ್ರಷ್ ಹೋಗಿ ಮೂಗಿಗೆ ತಾಗುತ್ತಿತ್ತು. ಮೊದಲ ಗುಟುಕು ಒಳಗೆ ಹೋದ ಮೇಲೆ ಕೈ ಮಾತು ಕೇಳುತ್ತಿತ್ತು. ಗಾಜಿನ ಕೆಲಸಕ್ಕೆ ಮಾತು ಕೇಳುವ ಕೈ ಬೇಕೇ ಬೇಕು. ಕಟರ್‌ನ ಪುಟ್ಟ ಚಕ್ರವನ್ನು ಗಾಜಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಒಂದೇ ಸಲ ಎಳೆಯಬೇಕು. ನಡುವೆ ನಿಲ್ಲಿಸುವಂತಿಲ್ಲ. ಎಳೆದ ಗೀಟಿನ ಮೇಲೆ ಮತ್ತೊಮ್ಮೆ ಎಳೆದರೆ ಗಾಜು ತನಗೆ ತೋಚಿದ ಕಡೆ ಸೀಳುತ್ತದೆ. ಹೀಗಾಗಿ ಅವನ ಲೆಕ್ಕದಲ್ಲಿ ಕುಡಿಯುವುದೂ ಕೆಲಸದ ಒಂದು ಭಾಗ, ಕಟರ್‌ನ ಚಕ್ರವನ್ನು ಸೀಮೆಎಣ್ಣೆಗೆ ಅದ್ದಿ ತೆಗೆದ ಹಾಗೆ. ಆ ಸೀಮೆಎಣ್ಣೆ ಅವನಿಗೆ ಇನ್ನೊಂದು ಉಪಕಾರವನ್ನೂ ಮಾಡುತ್ತಿತ್ತು. ಅದರ ವಾಸನೆಯ ಮುಂದೆ ಬೇರೆ ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ.

(ನಾವು ಬರೆಯುವವರು ಅದೇ ಗೀಟನ್ನು ಎಷ್ಟು ಸಲ ಬೇಕಾದರೂ ಎಳೆಯುತ್ತೇವೆ. ಅದಕ್ಕೇ ನಿಮ್ಮ ಕಥೆಗಳು ಎಲ್ಲೆಂದರಲ್ಲಿ ಸೀಳೋದು ಎಂದು ಅಣ್ಣ ಹೇಳುತ್ತಾನೆ.)

೩

ಎರಡನೆಯ ಡ್ರಾಫ್ಟ್ ಪ್ರಯೋಗಶೀಲವಾಗಿತ್ತು. ನಿರೂಪಕಿಯನ್ನು ಕೆಲಸದಿಂದ ತೆಗೆದು ಅವಳ ಜಾಗಕ್ಕೆ ಒಂದು ಅಂಗವನ್ನು ಕೂರಿಸಿದೆ:

ನಾನು ಲಿವರ್. ಬಲಗಡೆ ಪಕ್ಕೆಲುಬಿನ ಹಿಂದೆ ನನ್ನ ವಾಸ. ಯಜಮಾನರು ಏನು ಕಳಿಸಿದರೂ ಬೇಡ ಅಂದವನಲ್ಲ...

ಇಲ್ಲಿಗೆ ಲೇಖನಿ ನಿಂತಿತು. ಲಿವರ್ ಮಾತಾಡುವುದಿಲ್ಲ. ಡಾಕ್ಟರ್ ಹೇಳಿದ್ದೂ ಅದನ್ನೇ: ಅದು ದೂರು ಕೊಡುವ ಜಾತಿಯಲ್ಲ, ವರ್ಷಗಟ್ಟಲೆ ಸುಮ್ಮನೆ ದುಡಿಯುತ್ತದೆ, ಕೊನೆಗೊಂದು ದಿನ ಕೈಚೆಲ್ಲಿ ಕೂರುತ್ತದೆ. ಅಣ್ಣನ ವಿಷಯದಲ್ಲೂ ಹಾಗೇ ಆಯಿತು. ಅವನ ಕಣ್ಣಿನ ಬಿಳಿ ಹಳದಿಯಾಗುತ್ತ ಬಂದಾಗ ಅತ್ತಿಗೆ ಬೆಳಕಿನದೇ ದೋಷವೆಂದುಕೊಂಡು ಅಂಗಡಿಯ ಬಲ್ಬು ಬದಲಾಯಿಸಿದರು. ಕೈಕಾಲು ಕಡ್ಡಿಯಾದವು, ಹೊಟ್ಟೆ ಮಾತ್ರ ಉಬ್ಬಿತು. ಮೈಯೆಲ್ಲ ತುರಿಕೆ. ಊಟದ ವಾಸನೆ ಬಂದರೆ ಎದ್ದು ಹೋಗುತ್ತಿದ್ದ. ಬೆರಳಿನ ಉಂಗುರ ಜಾರಿ ಎರಡು ಸಲ ಪುಟ್ಟಿಯ ಡಬ್ಬದೊಳಗೆ ಬಿತ್ತು. ಗಾಜು ಕೂರಿಸಲು ಅಂಟಿನಂತೆ ಬಳಸುವ ಆ ಮೆತ್ತನೆಯ ಪುಟ್ಟಿಯಲ್ಲಿ ಅದನ್ನು ಹುಡುಕಿ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳುತ್ತಿದ್ದ. ಅವನು ಆಗಲೂ ಅಂಗಿಗೆ ಇಸ್ತ್ರಿ ಮಾಡುತ್ತಿದ್ದ.

೪

ಮೂರನೆಯ ಡ್ರಾಫ್ಟನ್ನು ಅತ್ತಿಗೆಗೆ ತೋರಿಸಿದೆ. ಅದರಲ್ಲಿ ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

“ಯಾರಮ್ಮ ಇವಳು?” ಅಂದರು.

“ನೀವೇ ಅತ್ತಿಗೆ.”

“ನಾನು ಅಳ್ತಾ ನಿಂತಿದ್ರೆ ಆರ್ಡರ್ ಯಾರು ಮುಗಿಸ್ತಿದ್ರು? ನೋಡು, ನನ್ನನ್ನ ಸಹನಾಮೂರ್ತಿ ಮಾಡಬೇಡ. ಬೈದಿದ್ದೀನಿ, ಬಾಟಲಿ ಒಡೆದಿದ್ದೀನಿ, ಒಂದು ಸಲ ಬಿಟ್ಟು ಅಕ್ಕನ ಮನೆಗೂ ಹೋಗಿದ್ದೆ. ಅದನ್ನೂ ಬರಿ.”

“ವಾಪಸ್ ಯಾಕೆ ಬಂದ್ರಿ ಅಂತ ಬರೀಲಿ? ಪ್ರೀತಿ ಅಂತ ಬರೀಲಾ?”

“ಒಂದು ಮದುವೆ ಫೋಟೋದ ಫ್ರೇಮ್ ಅರ್ಧಕ್ಕೇ ನಿಂತಿತ್ತು. ಆ ಹುಡುಗಿ ಮುಖ ನೋಡಿ ಬಂದೆ ಅಂತ ಬರಿ.”

ಬರೆದಿದ್ದೇನೆ. ನಿಜವಾದ ಕಾರಣ ನಿಮಗೆ ಹೊಳೆದರೆ ಅದು ನಿಮ್ಮ ಹತ್ತಿರವೇ ಇರಲಿ, ಅವರ ಮುಂದೆ ಹೇಳಬೇಡಿ.

೫

ಸ್ವಲ್ಪ ನಗುವ ಹಾಗಿನದು ಒಂದಿದೆ, ಅದನ್ನು ಬಿಟ್ಟರೆ ಮೋಸವಾಗುತ್ತದೆ.

ಅಂಗಡಿಯ ಕಪಾಟಿನಲ್ಲಿ ಗಾಜು ಒರೆಸುವ ದ್ರಾವಣದ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಅಣ್ಣ ತನ್ನ ಮಾಲನ್ನು ಅಂಥದ್ದೇ ಒಂದು ಬಾಟಲಿಗೆ ತುಂಬಿ, ಅದೇ ಸಾಲಿನಲ್ಲಿ ಇಟ್ಟಿದ್ದ. ನೀರಿನಷ್ಟೇ ತಿಳಿ, ಯಾರಿಗೂ ಗುಮಾನಿ ಬರುವಂತಿರಲಿಲ್ಲ. ಒಂದು ದಿನ ಮದುಮಗಳ ಡ್ರೆಸ್ಸಿಂಗ್ ಟೇಬಲ್ಲಿಗೆಂದು ದೊಡ್ಡ ಕನ್ನಡಿಯೊಂದು ಸಿದ್ಧವಾಗಿತ್ತು. ಅತ್ತಿಗೆ ಕೈಗೆ ಸಿಕ್ಕ ಬಾಟಲಿ ತೆಗೆದುಕೊಂಡು ಬಟ್ಟೆಗೆ ಸುರಿದು ಒರೆಸಿದರು. ನಮ್ಮ ಅಂಗಡಿಯಲ್ಲಿ ಅಷ್ಟು ಹೊಳೆದ ಕನ್ನಡಿಯನ್ನು ನಾನು ಇವತ್ತಿಗೂ ಕಂಡಿಲ್ಲ. ಗಿರಾಕಿ ಖುಷಿಯಾಗಿ, “ಏನು ಹಾಕ್ತೀರಮ್ಮ ಇದಕ್ಕೆ?” ಎಂದು ಕೇಳಿದರು. ಅತ್ತಿಗೆ ಬಟ್ಟೆಯನ್ನು ಮೂಗಿಗೆ ಹಿಡಿದರು. ಕನ್ನಡಿಯೊಳಗಿಂದಲೇ ಅಣ್ಣನನ್ನು ನೋಡಿದರು. ಅಣ್ಣ ಅಳತೆ ಟೇಪಿನಲ್ಲಿ ಮೇಜನ್ನು ಅಳೆಯತೊಡಗಿದ. ಅದರ ಅಳತೆ ಅಪ್ಪನ ಕಾಲದಿಂದ ಬದಲಾಗಿಲ್ಲ.

(ಇದು ರೂಪಕವಲ್ಲ, ನಡೆದದ್ದು. ಶಪಥ ಮುರಿದಿಲ್ಲ.)

೬

ಈಗ ಕಾಲು. ಅಣ್ಣ ಗೆದ್ದ, ಒಪ್ಪಿಕೊಳ್ಳುತ್ತೇನೆ. ಇಲ್ಲಿಂದಲೇ ಶುರು ಮಾಡಬೇಕಿತ್ತು.

ಗಾಜು ಕತ್ತರಿಸುವ ಜಾಗವನ್ನು ಸಾಯಂಕಾಲ ಎಷ್ಟು ಗುಡಿಸಿದರೂ ಒಂದೆರಡು ಚೂರು ಉಳಿದೇ ಉಳಿಯುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಪೊರಕೆಗೆ ಸಿಗುವುದಿಲ್ಲ. ಅದಕ್ಕೆ ನಮ್ಮಪ್ಪ ಒಂದು ದಾರಿ ಕಂಡುಕೊಂಡಿದ್ದರು. ಗುಡಿಸಿದ ಮೇಲೆ ಚಪ್ಪಲಿ ಬಿಟ್ಟು, ಮೈಭಾರ ಹಾಕದೆ, ಅಂಗಾಲಿನಿಂದ ನೆಲವನ್ನು ಹಗುರವಾಗಿ ಸವರುತ್ತ ಗೋಡೆಯಿಂದ ಗೋಡೆಗೆ ಹೋಗಿ ಬರುವುದು. ಭಾರ ಹಾಕದಿದ್ದರೆ ಚೂರು ಒಳಗೆ ಇಳಿಯುವುದಿಲ್ಲ, ಇಲ್ಲಿದ್ದೇನೆ ಎಂದು ತಿಳಿಸುತ್ತದೆ ಅಷ್ಟೆ. ಬೇರೆ ಅಂಗಡಿಯವರು ಇದನ್ನು ಕೇಳಿ ನಕ್ಕರು. ನಮ್ಮಪ್ಪನ ಕಾಲಿಗೆ ಒಂದು ಗಾಯವೂ ಆಗಲಿಲ್ಲ.

ಅಣ್ಣ ಅದನ್ನು ಅಪ್ಪನಿಂದ ಕಲಿತ. ಮದುವೆಯಾದ ಹೊಸತರಲ್ಲಿ ಅತ್ತಿಗೆ ಈ ಅಂಗಡಿಯೊಳಗೆ ಕಾಲಿಡಲು ಹೆದರುತ್ತಿದ್ದರು. ಅಣ್ಣ ಸಾಯಂಕಾಲ ನೆಲವನ್ನೆಲ್ಲ ಕಾಲಿನಲ್ಲಿ ನೋಡಿ ಮುಗಿಸಿ, “ಕ್ಲೀನ್, ಬಾ” ಎಂದು ಕರೆಯುತ್ತಿದ್ದ. ಅತ್ತಿಗೆ ಬರಿಗಾಲಲ್ಲೇ ಟೀ ತರುತ್ತಿದ್ದರು. ಇಬ್ಬರೂ ಅದೇ ನೆಲದ ಮೇಲೆ ಕೂತು ಕುಡಿಯುತ್ತಿದ್ದರು. ಇದು ಅವರಿಬ್ಬರ ದಿನದ ಪದ್ಧತಿಯಾಯಿತು. ಮಾತು ಬಿಟ್ಟ ದಿನಗಳಲ್ಲೂ ಆ ಎರಡು ಶಬ್ದ ತಪ್ಪುತ್ತಿರಲಿಲ್ಲ.

ಕಣ್ಣು ಹಳದಿಯಾಗಿದ್ದ ಕಾಲದ ಒಂದು ಸಾಯಂಕಾಲವೂ “ಕ್ಲೀನ್, ಬಾ” ಅಂದ. ಅತ್ತಿಗೆ ಟೀ ಹಿಡಿದು ಒಳಗೆ ಬಂದರು. ನಾನು ಅವರ ಹಿಂದೆಯೇ ಇದ್ದೆ. ನೆಲದ ತುಂಬ, ಗೋಡೆಯಿಂದ ಗೋಡೆಗೆ, ಕೆಂಪು ಹೆಜ್ಜೆಗಳಿದ್ದವು. ಹೋದ ಸಾಲು, ಬಂದ ಸಾಲು, ಮತ್ತೆ ಹೋದ ಸಾಲು. ಅವುಗಳ ಕೊನೆಯಲ್ಲಿ ಅಣ್ಣ ಇಸ್ತ್ರಿ ಅಂಗಿಯಲ್ಲಿ ನಗುತ್ತ ನಿಂತಿದ್ದ.

ಆಮೇಲೆ ಅವನೂ ನೆಲ ನೋಡಿದ. ಅವನ ಮುಖದಲ್ಲಿ ಗಾಬರಿ ಬಂತು.

“ಅಯ್ಯೋ, ಯಾರಿಗೆ ಗಾಯ ಆಯ್ತು?” ಎಂದು ನಮ್ಮಿಬ್ಬರನ್ನೂ ಕೇಳಿದ.

ಅವನ ಹಿಮ್ಮಡಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಗಾಜು ನಾಟಿತ್ತು. ಅತ್ತಿಗೆ ಕೂತು ಅದನ್ನು ಎಳೆದು ತೆಗೆಯುವಾಗಲೂ ಅವನಿಗೆ ಏನೂ ಗೊತ್ತಾಗಲಿಲ್ಲ. ಯಾರದ್ದೋ ಕಾಲನ್ನು ನೋಡುವವನ ಹಾಗೆ ನೋಡುತ್ತ ಕೂತಿದ್ದ. ಅದರ ನೋವೆಲ್ಲ ನಮ್ಮಿಬ್ಬರ ಮುಖದಲ್ಲಿತ್ತು.

ಹಳದಿ ಕಣ್ಣಿಗೆ ಅವನು ಹೆದರಿರಲಿಲ್ಲ. ಉಬ್ಬಿದ ಹೊಟ್ಟೆಗೆ, ಡಾಕ್ಟರ ಎಚ್ಚರಿಕೆಗೆ, ಅತ್ತಿಗೆಯ ಬೈಗುಳಕ್ಕೆ, ಯಾವುದಕ್ಕೂ ಜಗ್ಗಿರಲಿಲ್ಲ. ಅವತ್ತು ಹೆದರಿದ.

“ನಾನು ಅವಳನ್ನ ಈ ನೆಲದ ಮೇಲೆ ಕರೆದೆ,” ಅಂದ. “ಕ್ಲೀನ್ ಅಂತ ಹೇಳಿ ಕರೆದೆ.” ಅದನ್ನೇ ಮತ್ತೆ ಮತ್ತೆ ಹೇಳಿದ. ಬೆಳಗಾಗುತ್ತಲೇ ತಾನೇ ಅಂಗಡಿಗೆ ಬೀಗ ಹಾಕಿ, “ನನ್ನನ್ನ ಆಸ್ಪತ್ರೆಗೆ ಸೇರಿಸು” ಎಂದು ನನ್ನ ಮುಂದೆ ನಿಂತ.

೭

ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೈ ದಂಗೆಯೇಳುತ್ತದೆ. ಅದಕ್ಕೇ ಆಸ್ಪತ್ರೆಯಲ್ಲೇ ಬಿಡಿಸಬೇಕು ಎಂದು ಡಾಕ್ಟರ್ ಹೇಳಿದ್ದರು. ಅಣ್ಣನಿಗೆ ಬೆವರು, ನಡುಕ, ಜ್ವರ. ನನ್ನನ್ನು ಅಮ್ಮ ಅಂದ. ಆಮೇಲೆ ಹಾಸಿಗೆಯ ಮೇಲೆ ಗಾಜು ಕಾಣತೊಡಗಿತು.

“ಹತ್ರ ಬರಬೇಡಿ, ಚೂರಿದೆ. ಸಿಸ್ಟರ್, ಅಲ್ಲೇ ನಿಲ್ಲಿ, ಕೈ ಕುಯ್ದುಹೋಗುತ್ತೆ,” ಅನ್ನುತ್ತ ಎರಡೂ ಅಂಗೈಯಿಂದ ಬೆಡ್‌ಶೀಟನ್ನು ಗುಡಿಸುತ್ತಿದ್ದ. ಆ ಸ್ಥಿತಿಯಲ್ಲೂ ಅವನಿಗೆ ಬೇರೆಯವರಿಗೆ ಚುಚ್ಚೀತು ಎಂಬ ಚಿಂತೆ.

ಅಲ್ಲಿದ್ದ ನರ್ಸ್ ನಮಗಿಂತ ಚಿಕ್ಕವಳು. ಇಂಜೆಕ್ಷನ್ ಕೊಡಬೇಕಿತ್ತು, ಇವನು ಹತ್ತಿರ ಬಿಡುತ್ತಿರಲಿಲ್ಲ. ಅವಳು ಗದರಲಿಲ್ಲ. ಟ್ರೇ ಕೆಳಗಿಟ್ಟು, ಒಂದು ಬಟ್ಟೆ ತಂದು, ಹಾಸಿಗೆಯನ್ನು ಮೂಲೆಯಿಂದ ಮೂಲೆಗೆ ಒರೆಸಿದಳು. ದಿಂಬಿನ ಕೆಳಗೂ ಒರೆಸಿದಳು. ಇಲ್ಲದ ಚೂರುಗಳನ್ನೆಲ್ಲ ಜೋಪಾನವಾಗಿ ಬಟ್ಟೆಯಲ್ಲಿ ಕಟ್ಟಿ ಕಸದ ಬುಟ್ಟಿಗೆ ಹಾಕಿ ಬಂದಳು.

“ಈಗ ಕ್ಲೀನ್. ಬರ್ಲಾ?” ಅಂದಳು.

ಆ ಮಾತು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತಿಗೆ ಹೊರಗೆ ವರಾಂಡಕ್ಕೆ ಹೋಗಿ ಬೆಂಚಿನ ಮೇಲೆ ಕೂತರು. ನಾಲ್ಕನೆಯ ಭಾಗದಲ್ಲಿ ಅವರು ಅಳುವುದಿಲ್ಲ ಎಂದು ನಾನು ಬರೆದಿದ್ದೇನೆ, ಅದನ್ನು ತಿದ್ದುವುದಿಲ್ಲ.

ಆ ನರ್ಸ್ ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ತಾಯಿ, ನೀನು ಎಲ್ಲೇ ಇರು, ನಿನ್ನ ಹೊಟ್ಟೆ ತಣ್ಣಗಿರಲಿ. ನಾನು ಇಷ್ಟು ವರ್ಷ ಬರೆದ ಕಥೆಗಳೆಲ್ಲ ಸೇರಿದರೂ ನೀನು ಕಟ್ಟಿ ಒಯ್ದ ಆ ಗಂಟಿಗೆ ಸಮವಲ್ಲ.

೮

(ಈ ಭಾಗವನ್ನು ಹರಿದುಹಾಕಿದ್ದೇನೆ. ಇದರಲ್ಲಿ ಉಪದೇಶವಿತ್ತು. ಅಣ್ಣ ಓದಿ ಆಕಳಿಸಿದ.)

೯

ಆಮೇಲಿನದು ನಿಧಾನದ ಕಥೆ. ಕಣ್ಣು ಬೆಳ್ಳಗಾಯಿತು. ಹೊಟ್ಟೆ ಇಳಿಯಿತು. ಊಟ ರುಚಿಸತೊಡಗಿತು, ಉಂಗುರ ಬೆರಳಲ್ಲಿ ನಿಂತಿತು. ಕೈ ನಡುಕ ಕಡಿಮೆಯಾಗಿ, ಒಂದು ದಿನ ಗುಟುಕಿನ ಹಂಗಿಲ್ಲದೆ ಗಾಜಿನ ಮೇಲೆ ಉದ್ದ ಗೀಟೆಳೆದ. ಸರ್ರನೆ ಒಂದೇ ದನಿ. ಅತ್ತಿಗೆ ಮೊಳೆ ಹೊಡೆಯುತ್ತಿದ್ದವರು ಸುತ್ತಿಗೆ ನಿಲ್ಲಿಸಿ ಕೇಳಿದರು. ಬಿಟ್ಟು ಎಷ್ಟು ದಿನವಾಯಿತು ಎಂದು ಯಾರಾದರೂ ಕೇಳಿದರೆ ಅಣ್ಣ ಹೇಳುವುದಿಲ್ಲ. “ಇವತ್ತು ಕುಡಿದಿಲ್ಲ” ಅನ್ನುತ್ತಾನೆ.

ಪಾದ ಮಾತ್ರ ಹಾಗೇ ಉಳಿಯಿತು. ಕುಡಿತ ನರಗಳನ್ನು ತಿಂದಿದೆ ಎಂದು ಡಾಕ್ಟರ್ ಹೇಳಿದರು.

“ಸ್ಪರ್ಶ ಬರಬಹುದು, ಬರದೇನೂ ಇರಬಹುದು. ಬಂದರೂ ನಿಧಾನ. ಕೆಲವರಿಗೆ ಏನೂ ಇಲ್ಲದೇ ಚುಚ್ಚಿದ ಹಾಗಾಗುತ್ತೆ, ಅದಕ್ಕೆ ಗಾಬರಿ ಬೇಡ. ಮತ್ತೆ ಕುಡಿದರೆ ಮಾತ್ರ ಆಸೆ ಬಿಟ್ಟುಬಿಡಿ. ಬರಿಗಾಲಲ್ಲಿ ಓಡಾಡಬೇಡಿ. ದಿನಾ ಅಂಗಾಲನ್ನ ಕನ್ನಡೀಲಿ ನೋಡ್ಕೋಬೇಕು, ಗಾಯ ಆಗಿದ್ರೆ ನಿಮಗೆ ಗೊತ್ತಾಗಲ್ಲ ಅಲ್ವಾ? ಮನೇಲಿ ಕನ್ನಡಿ ಇದೆ ತಾನೇ?”

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಅಣ್ಣನೂ ನಕ್ಕ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಡಾಕ್ಟರ್ ನನ್ನ ಮುಖ ನೋಡಿದರು.

ಆದರೆ ಬರಿಗಾಲಿನ ವಿಷಯದಲ್ಲಿ ಅಣ್ಣ ಹಟ ಬಿಡಲಿಲ್ಲ. (ಡಾಕ್ಟರೇ, ನೀವು ಓದುತ್ತಿದ್ದರೆ ದಯವಿಟ್ಟು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಕೊನೆಗೆ ಒಂದು ರಾಜಿಯಾಯಿತು. ಸಾಯಂಕಾಲ ಅತ್ತಿಗೆ ಎರಡು ಸಲ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ನೆಲಕ್ಕೆ ಅಡ್ಡ ಹಿಡಿದು ಮಿನುಗುವುದನ್ನೆಲ್ಲ ಹೆಕ್ಕಿ, ತಾವೇ ಒಮ್ಮೆ ಬರಿಗಾಲಲ್ಲಿ ನಡೆದು ನೋಡಿದ ಮೇಲೆ ಅವನು ಚಪ್ಪಲಿ ಬಿಡಬಹುದು. ಅವನು ಹೋಗಿ ಬರುತ್ತಾನೆ. “ಕ್ಲೀನ್” ಅನ್ನುವುದಿಲ್ಲ. “ಗೊತ್ತಾಗ್ತಿಲ್ಲ” ಅನ್ನುತ್ತಾನೆ. ಆಗ ಅತ್ತಿಗೆ, “ಕ್ಲೀನ್ ಇದೆ, ಬನ್ನಿ” ಎಂದು ಕರೆಯುತ್ತಾರೆ. ಟೀ ಆಗುತ್ತದೆ. ಆಮೇಲೆ ಅಣ್ಣ ಒಂದು ಕನ್ನಡಿಯನ್ನು ನೆಲಕ್ಕಿಟ್ಟು ಅಂಗಾಲು ನೋಡಿಕೊಳ್ಳುತ್ತಾನೆ.

(ಇದೂ ರೂಪಕವಲ್ಲ. ಇದು ಡಾಕ್ಟರ ಆಜ್ಞೆ.)

೧೦

ನಿಮಗೆ ಒಂದು ಅಂತ್ಯ ಬೇಕು. ಮೂರು ಬರೆದಿಟ್ಟಿದ್ದೆ, ಇವತ್ತು ಮಧ್ಯಾಹ್ನ ಇಬ್ಬರಿಗೂ ಓದಿ ಹೇಳಿದೆ.

ಒಂದರಲ್ಲಿ ಸ್ಪರ್ಶ ಪೂರ್ತಿ ಮರಳುತ್ತದೆ, ಅಣ್ಣ ಹುಲ್ಲಿನ ಮೇಲೆ ಓಡುತ್ತಾನೆ.

“ಯಾವ ಹುಲ್ಲು? ನಮ್ಮ ಬೀದೀಲಿ ಹುಲ್ಲೆಲ್ಲಿದೆ?” ಎಂದು ಅಣ್ಣ ಕೇಳಿದ.

“ಆಗದೇ ಇರೋದನ್ನ ಆಯ್ತು ಅಂತ ಬರೀಬೇಡ ಕಣೆ,” ಅಂದರು ಅತ್ತಿಗೆ. ಅವರ ದನಿ ಮೆತ್ತಗಿತ್ತು.

ಇನ್ನೊಂದರಲ್ಲಿ ಅವನು ಮತ್ತೆ ಕುಡಿಯುತ್ತಾನೆ. “ಅದು ಆಗಬಹುದು,” ಎಂದು ಅಣ್ಣನೇ ಹೇಳಿದ. “ಆಗಲ್ಲ ಅಂತ ನಾನು ಎದೆ ತಟ್ಟಿ ಹೇಳಲ್ಲ. ಆದ್ರೆ ನೀನು ಬರೆದು ಕೊಡಬೇಡ. ಆ ದಾರಿ ನನಗೆ ಯಾರೂ ತೋರಿಸಬೇಕಾಗಿಲ್ಲ.”

ಮೂರನೆಯದು ಖಾಲಿ ಪುಟ. ತುಂಬಾ ಮಾಡರ್ನ್. ಅದನ್ನು ಅತ್ತಿಗೆ ತೆಗೆದುಕೊಂಡು ಫ್ರೇಮಿನ ಅಳತೆ ಬರೆದುಕೊಂಡರು.

“ಹಾಗಾದ್ರೆ ಏನು ಬರೀಲಿ, ನೀವೇ ಹೇಳಿ,” ಎಂದು ನಾನು ಸಿಡುಕಿದೆ.

“ಥ್ಯಾಂಕ್ಸ್ ಬರಿ,” ಅಂದ ಅಣ್ಣ. “ಆ ನರ್ಸಮ್ಮನಿಗೆ ಬರಿ. ಇವಳಿಗೆ ಬರಿ, ಇವಳು ಓದಲ್ಲ, ಆದ್ರೂ ಬರಿ. ನನ್ನ ಲಿವರ್‌ಗೆ ಬರಿ, ಅಷ್ಟಾದ ಮೇಲೂ ಕೆಲಸಕ್ಕೆ ಬಂತಲ್ಲ, ಪಾಪ. ಆಮೇಲೆ ಆ ಚೂರಿಗೆ ಬರಿ. ಅವತ್ತು ಅದು ಚುಚ್ಚಿರಲಿಲ್ಲ ಅಂದ್ರೆ ನಾನು ಎಲ್ಲಿರ್ತಿದ್ದೆ?”

“ಗೋಡೆ ಮೇಲೆ, ನಾನು ಹಾಕಿದ ಫ್ರೇಮಲ್ಲಿ,” ಅಂದರು ಅತ್ತಿಗೆ.

ಈ ಥ್ಯಾಂಕ್ಸಿನಲ್ಲೇ ಕಥೆ ಮುಗಿಸೋಣ ಎಂದುಕೊಂಡೆ. ಚೆನ್ನಾಗಿಯೇ ಮುಗಿಯುತ್ತಿತ್ತು.

ಕೊನೆಯದಲ್ಲ

ಈಗ ಸಾಯಂಕಾಲ. ನಾನು ಕೌಂಟರಿನಲ್ಲಿ ಕೂತು ಮೇಲಿನ ಸಾಲನ್ನು ಬರೆಯುತ್ತಿರುವಾಗಲೇ ಅತ್ತಿಗೆ ಗುಡಿಸಿದರು, ಒರೆಸಿದರು, ಟಾರ್ಚು ಹಿಡಿದರು, ನಡೆದು ನೋಡಿದರು. ಅಣ್ಣ ಚಪ್ಪಲಿ ಬಿಟ್ಟು ಹೊರಟ. ಗೋಡೆ ಮುಟ್ಟಿ ತಿರುಗಿದ. ಕತ್ತರಿಸುವ ಮೇಜಿನ ಹತ್ತಿರ ಬಂದು ನಿಂತುಬಿಟ್ಟ.

“ಇಲ್ಲೇನೋ ಇದೆ,” ಅಂದ.

ಅತ್ತಿಗೆ ಟೀ ಲೋಟಗಳನ್ನು ಹಾಗೇ ಕೌಂಟರಿನ ಮೇಲಿಟ್ಟರು.

“ಏನಿದೆ?”

“ಗೊತ್ತಿಲ್ಲ. ಚುಚ್ಚಿದ ಹಾಗಾಯ್ತು. ಎಡಗಾಲಿಗೆ.”

ಓದುಗರೇ, ನಿಮಗೆ ಎಲ್ಲ ಹೇಳಿದ್ದೇನೆ, ಈಗ ನಮ್ಮ ಪಾಡು ನಿಮಗೆ ಅರ್ಥವಾಗಬೇಕು. ಅಲ್ಲಿ ನಿಜವಾಗಿ ಚೂರಿದ್ದರೆ ಅವನ ಕಾಲಿಗೆ ಜೀವ ಬಂದಿದೆ. ಚೂರಿಲ್ಲದಿದ್ದರೆ ಅದು ಡಾಕ್ಟರ್ ಹೇಳಿದ ನರದ ಚೇಷ್ಟೆ ಇರಬಹುದು. ಇಲ್ಲವೇ ಇಲ್ಲದ ಗಾಜು ಅವನಿಗೆ ಮತ್ತೆ ಕಾಣತೊಡಗಿದೆ. ಈ ಕೊನೆಯದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅತ್ತಿಗೆಯೂ ಹೇಳಲಿಲ್ಲ. ಸುಮ್ಮನೆ ಅವನ ಹತ್ತಿರ ಹೋಗಿ ನಿಂತರು. ಅಣ್ಣನಿಗೆ ಅರ್ಥವಾಯಿತು. ಕೇಳುವ ಮೊದಲೇ ಬಾಯಿ ತೆಗೆದು ಅವರ ಮುಖದ ಮೇಲೆ “ಹಾ” ಎಂದು ಉಸಿರು ಬಿಟ್ಟ.

“ಮಧ್ಯಾಹ್ನದ ಸಾರು,” ಅಂದರು ಅತ್ತಿಗೆ. ಅವರ ಭುಜ ಇಳಿಯಿತು.

ಕನ್ನಡಿ ತಂದು ಅಂಗಾಲು ನೋಡಿದೆವು. ರಕ್ತವಿಲ್ಲ, ಗೀರಿಲ್ಲ. ಹಗುರವಾಗಿ ಸವರಿದ್ದರೆ ಇರುವುದೂ ಇಲ್ಲ. ಅಪ್ಪನ ಕಾಲಿಗೂ ಇರುತ್ತಿರಲಿಲ್ಲ.

ಈಗ ಇಬ್ಬರೂ ಮಂಡಿಯೂರಿ ನೆಲ ತಡಕುತ್ತಿದ್ದಾರೆ. ಅಣ್ಣ ಟಾರ್ಚು ಹಿಡಿದಿದ್ದಾನೆ, ಅತ್ತಿಗೆ ಅಂಗೈ ಆಡಿಸುತ್ತಿದ್ದಾರೆ. ಇಷ್ಟು ವರ್ಷ ಈ ನೆಲದಲ್ಲಿ ಚೂರು ಸಿಗದಿರಲಿ ಎಂದು ಹುಡುಕಿದವರು, ಇವತ್ತು ಒಂದೇ ಒಂದು ಸಿಗಲಿ ಎಂದು ಹುಡುಕುತ್ತಿದ್ದಾರೆ. ಸಿಕ್ಕಿತೋ ಇಲ್ಲವೋ ಎಂದು ಬರೆಯಲು ನಾನಿಲ್ಲಿ ಕಾಯುತ್ತ ಕೂರಬಹುದು. ಕೂರುವುದಿಲ್ಲ.

“ಅಲ್ಲೇನು ಗೀಚ್ತಾ ಕೂತಿದ್ದೀಯ, ಮಾತಿನಮಲ್ಲಿ?” ಎಂದು ಮೇಜಿನಡಿಯಿಂದ ಅಣ್ಣನ ದನಿ ಬಂತು. “ಬಾ, ನಿನ್ನ ಕಾಲೂ ಬೇಕು.”

“ಕ್ಲೀನ್ ಇದೆಯಾ?”

“ಇರಬಾರದು ಅಂತ ಹುಡುಕ್ತಾ ಇದ್ದೀವಿ, ಬಾ.”

ಚಪ್ಪಲಿ ಬಿಟ್ಟೆ. ನೆಲ ತಣ್ಣಗಿದೆ. ಪೆನ್ನು ಇಡುತ್ತಿ—